ಟಗರು ನನ್ನದು, ಮರಿ ಅಕ್ಕನವು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳವು. ಕಮತಗಿ ಕಡೆಯ ನಮ್ಮ ಓಣಿಯಲ್ಲಿ ಎಲ್ಲರೂ ಕುರಿ ಸಾಕುವವರೇ. ಮಕ್ಕಳಿಗೆ ಒಂದೊಂದು ಮರಿ ಕೊಡುವ ರೂಢಿಯಿತ್ತು. ಮುಂದೆ ಅದು ಹಾಕಿದ ಮರಿಗಳೂ ಆ ಮಗುವಿನವೇ. ಅಪ್ಪ ಎರಡು ಮರಿ ತಂದು ಆರಿಸಿಕೊಳ್ಳಿ ಎಂದಾಗ, ಗಂಡುಹುಡುಗನೆಂಬ ಠೇಂಕಾರದಲ್ಲಿ ನಾನು ಟಗರುಮರಿಯ ಕಿವಿ ಹಿಡಿದೆ. ಅಕ್ಕ ಶಾಂತವ್ವ ಹೆಣ್ಣುಮರಿಯನ್ನು ಮಡಿಲಿಗೆ ಎಳೆದುಕೊಂಡಳು.

ನನ್ನ ಪಾಲಿನ ಸಜ್ಜೆ ರೊಟ್ಟಿಯಲ್ಲಿ ಅರ್ಧ ತಿಂದು ಟಗರು ಕೊಬ್ಬಿತು. ಅದರ ಕೊಂಬಿಗೆ ಎಣ್ಣೆ ಸವರಿ ಓಣಿಯೆಲ್ಲ ಮೆರೆಸುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಕುರಿ ಮರಿ ಹಾಕಿತು, ಆ ಮರಿಯೂ ಬೆಳೆದು ಮರಿ ಹಾಕಿತು. ಗಂಡುಮರಿಗಳನ್ನು ಸಂತೆಗೆ ಕಳಿಸಿದ ಮೇಲೂ ಅವಳವು ನಾಲ್ಕಾದವು, ಮರುವರ್ಷ ಆರು. ಇನ್ನೆರಡು ಕೂಡಿ ಎಂಟಾದಾವು ಎಂದು ಹಲ್ಲು ಕಚ್ಚಿಕೊಂಡಿದ್ದರೆ ಒಂಬತ್ತಾಗಿಬಿಟ್ಟವು. ನನ್ನ ಹೊಟ್ಟೆ ಧಗಧಗ ಉರಿಯಿತು.

ಸಾಲಿಯಲ್ಲಿ ಗಣಿತದ ಮಾಸ್ತರರನ್ನು ಕೇಳಿದೆ. "ವರ್ಷಕ್ಕ ಎರಡ ಕೂಡಬೇಕಲ್ರಿ?"

"ಇಲ್ಲೋ ತಮ್ಮಾ. ಇದ್ದದ್ದರ ಅರ್ಧ ಕೂಡ್ತಾವ. ನಾಲ್ಕಕ್ಕ ಎರಡು, ಆರಕ್ಕ ಮೂರು. ನೂರಕ್ಕ ಐವತ್ತರ ದರ. ಹಿಂಡು ಬೆಳದಂಗ ಕೂಡೋದೂ ಬೆಳೀತದ."

"ಮತ್ತ ನನ್ನ ಟಗರಿಂದು?"

"ನಿಂದು ಸೊನ್ನಿ." ಇಡೀ ವರ್ಗ ನಕ್ಕಿತು.

ಸಂಜೆ ಅಪ್ಪನ ಮುಂದೆ ನ್ಯಾಯ ಒಯ್ದೆ. "ಆ ಮರಿಗಳ ಅಪ್ಪ ನನ್ನ ಟಗರ. ಅರ್ಧ ನನ್ನವು."

ಕಂಬಳಿ ಕೊಡವುತ್ತಿದ್ದ ಅಪ್ಪ, "ಮರಿ ಯಾವತ್ತಿದ್ರೂ ತಾಯಿ ಕಡೀಗೆ. ಟಗರ ಬೇಕಂದಾಂವ ನೀನ ಅಲ್ಲೇನು?" ಎಂದ.

"ಒಂದ್ ಮರಿ ನೀ ತಗೋ ಬಿಡೊ," ಎಂದಳು ಅಕ್ಕ. ಕೊಡುವಷ್ಟು ಅವಳ ಬಳಿ ಇತ್ತಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. "ನಿಂದೇನೂ ಬ್ಯಾಡ ನನಗ," ಎಂದು ಎದ್ದುಹೋದೆ. ಎರಡು ದಿನ ಅವಳ ಸಂಗಡ ಮಾತು ಬಿಟ್ಟೆ.

ಅವಳನ್ನು ಕಲಾದಗಿಗೆ ಮದುವೆ ಮಾಡಿಕೊಟ್ಟರು. ಅವಳ ಕುರಿಗಳೂ ಅವಳ ಜೊತೆ ಹೊರಟವು. ಓಣಿಯ ತುಂಬ ಧೂಳು, ಹಸಿ ಉಣ್ಣೆಯ ವಾಸನೆ. ನನ್ನ ಟಗರು ಹಗ್ಗ ಹರಿದುಕೊಂಡು ಅವುಗಳ ಬೆನ್ನುಹತ್ತಿತು. ಕರೆದೆ, ತಿರುಗಿ ನೋಡಲಿಲ್ಲ. ಅಕ್ಕ ತಿರುಗಿದಳು.

"ಹಿಡಕೊಂಡು ಹೋಗೊ, ನಿಂದದು."

"ಇರ್ಲಿ ಬಿಡು," ಎಂದೆ.

ಮುಂದೆ ಮೇಯುವ ಜಾಗವೆಲ್ಲ ಹೋಗಿ ಅವಳ ಹಿಂಡು ವರ್ಷವರ್ಷವೂ ಇದ್ದದ್ದರಲ್ಲಿ ಕಾಲುಭಾಗ ಕರಗುತ್ತ ಬಂತು. ನೂರಕ್ಕೆ ಇಪ್ಪತ್ತೈದು ಇಳಿಕೆ ಎಂದು ನಾನೇ ಲೆಕ್ಕ ಹಾಕಿದೆ; ಸಂತೋಷವಾಗಲಿಲ್ಲ. ಈಗ ಅಕ್ಕನೂ ಇಲ್ಲ. ನವನಗರದ ನನ್ನ ಮನೆಯಲ್ಲಿ ಬೇಕಾದ್ದೆಲ್ಲ ಇದೆ. ಸುತ್ತಲಿನವರಲ್ಲಿ ನನಗಿಂತ ಉಳ್ಳವರೂ ಬೇಕಾದಷ್ಟಿದ್ದಾರೆ. ಆದರೆ ಹೊಟ್ಟೆಕಿಚ್ಚು ಪಡುವಷ್ಟು ನನ್ನವರು ಯಾರೂ ಉಳಿದಿಲ್ಲ.