ಆಸ್ಪತ್ರೆಯ ಬೇಲಿಗೆ ಕಟ್ಟಿದ ಬಟ್ಟೆಗಳು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಮೈಸೂರಿನಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತು, ಕೋಟೆ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಗೆ ಬಂದಾಗ ಆ ಕೋಪಕ್ಕೆ ಬೇಕಾದಷ್ಟು ಮೇವು ಸಿಕ್ಕಿತು. ಇದ್ದದ್ದು ನಾಲ್ಕು ಮಂಚ, ನಾಲ್ಕೂ ಖಾಲಿ. ಆರು ತಿಂಗಳಲ್ಲಿ ಹೆರಿಗೆಗೆ ಬಂದವರು ಇಬ್ಬರು. ಇಬ್ಬರನ್ನೂ ಮನೆಯಲ್ಲಿ ಕೈಮೀರಿದ ಮೇಲೆ ಗಾಡಿಯಲ್ಲಿ ಹೇರಿಕೊಂಡು ತಂದಿದ್ದರು. ಒಬ್ಬಳು ಉಳಿಯಲಿಲ್ಲ. ಅಲ್ಲಿಗೆ ಹೋದವಳು ವಾಪಸು ಬರುವುದಿಲ್ಲ ಎಂದು ಸಂತೆಯಲ್ಲೆಲ್ಲ ಮಾತಾಯಿತು.

ಕರಪತ್ರ ಹಂಚಬೇಕು ಎಂದು ಡಾಕ್ಟರು ಹೇಳುತ್ತಿದ್ದರು. ಅಚ್ಚು ಹಾಕಿಸಲು ಮೇಲಿನವರು ಕಾಸು ಕೊಡಲಿಲ್ಲ. ಕೊಟ್ಟಿದ್ದರೂ ಓದುವ ಹೆಂಗಸರೆಲ್ಲಿದ್ದರು? ನಮ್ಮಲ್ಲಿ ಇದ್ದದ್ದು ಸಂತೆದಾರಿಗೆ ಮುಖ ಮಾಡಿದ ಒಂದು ಬೇಲಿ, ಬಾವಿಯಿಂದ ಬಿಚ್ಚಿಟ್ಟ ಹಳೇ ಹಗ್ಗ, ಕೂಸುಗಳನ್ನು ಸುತ್ತುತ್ತಿದ್ದ ಹಳೇ ಸೀರೆಯ ತುಂಡುಗಳು. ಹೆರಿಗೆಯ ಬಟ್ಟೆಯನ್ನು ಮಡಿವಾಳರು ಮುಟ್ಟುತ್ತಿರಲಿಲ್ಲವಾದ್ದರಿಂದ ನಾನೇ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದೆ. ಒಂದು ದಿನ ಹಾಗೇ ಹೊಳೆಯಿತು. ಹಗ್ಗವನ್ನು ಹಿತ್ತಲಿಂದ ತಂದು ಮುಂದಿನ ಬೇಲಿಗೆ ಬಿಗಿದೆ.

ನಮ್ಮಲ್ಲಿ ಹುಟ್ಟಿ, ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆ ಸೇರಿದರೆ ಒಂದು ತುಂಡು ಕಟ್ಟುವುದು. ಅದೂ ಆ ತಾಯಿಯದೇ ಸೀರೆಯದು, ಅವಳೇ ಬಿಟ್ಟುಹೋದದ್ದು. ಇದು ನಾನು ಮಾಡಿಕೊಂಡ ನಿಯಮ. ಮೊದಲ ಸಂತೆಗೆ ಒಂದೇ ಒಂದು ತುಂಡು ನೇತಾಡಿತು. ನೋಡಿ ನನಗೇ ನಾಚಿಕೆಯಾಯಿತು. ಆದರೆ ಹೆಂಗಸರು ನಿಂತರು. ಅಂಚು ನೋಡಿ ಯಾರ ಸೀರೆಯೆಂದು ಗುರುತು ಹಿಡಿದರು, ತಾಯಿ ಹೇಗಿದ್ದಾಳೆಂದು ಕೇಳಿದರು. ಮುಂದೆ ಮೂರಾಯಿತು, ದೀಪಾವಳಿಯ ಹೊತ್ತಿಗೆ ಹನ್ನೊಂದಾಯಿತು. ಮಂಚಗಳು ಸಾಲದೆ ಚಾಪೆ ಹಾಸಿದೆವು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಮಗೆ ಹಾಲು ಹಾಕುತ್ತಿದ್ದ ಹುಡುಗಿ. ಅವಳ ಮೊದಲ ಹೆರಿಗೆ ಮನೆಯಲ್ಲೇ ಆಗಿ, ಮೂರು ದಿನ ನೋವು ತಿಂದ ಮೇಲೆ ಸತ್ತ ಮಗು ಹುಟ್ಟಿತ್ತು. ಈಗ ಮತ್ತೆ ಏಳು ತಿಂಗಳು. ಈ ಸಲ ಇಲ್ಲಿಗೇ ಬರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಅವಳು ದಿನಾ ಹಾಲಿನ ತಂಬಿಗೆ ಇಳಿಸಿ ಬೇಲಿಯ ಮೂಲೆ ತೋರಿಸುತ್ತಿದ್ದಳು.

"ನನ್ ಕೂಸಿಂದು ಇಲ್ಲೇ ಕಟ್ಬೇಕು ಕಣ್ರವ್ವ. ಜಾಗ ಮಡಗಿರಿ."

ಕೂಸಿನ ಬಟ್ಟೆ ದೀಪ ಹಚ್ಚುವ ಹೊತ್ತಿನ ಮೇಲೆ ಹೊರಗಿರಬಾರದು, ಹಕ್ಕಿಯ ನೆರಳು ಬಿದ್ದು ಕೂಸಿಗೆ ಸೋಂಕುತ್ತದೆ ಎಂಬ ನಂಬಿಕೆ ಆ ಕಡೆ ಎಲ್ಲರಲ್ಲೂ ಇತ್ತು. ನನ್ನ ತವರಿನಲ್ಲೂ ಇತ್ತು. ನಾನು ನಂಬದಿದ್ದರೂ ಗೊಣಗಿಕೊಂಡೇ ಪ್ರತಿ ಸಂಜೆ ಬಟ್ಟೆ ಒಳಗೆ ತರುತ್ತಿದ್ದೆ. ಒಂದು ಸಂತೆಯ ದಿನ ಅಂತರಸಂತೆ ಊರಿನ ಕಡೆಯಿಂದ ಬಂದವಳಿಗೆ ಮಗುವಿನ ಕಾಲು ಮೊದಲು ಬಂತು. ಇಬ್ಬರನ್ನೂ ಉಳಿಸಿಕೊಳ್ಳುವುದರಲ್ಲಿ ಬಟ್ಟೆಯ ನೆನಪೇ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಹನ್ನೊಂದೂ ಇಬ್ಬನಿಯಲ್ಲಿ ತೊಯ್ದಿದ್ದವು.

ಐದು ದಿನಕ್ಕೆ, ಆ ಹನ್ನೊಂದರಲ್ಲಿ ಕೆಂಪಂಚಿನ ತುಂಡಿನ ಮಗು ತನ್ನ ಮನೆಯಲ್ಲಿ ಜ್ವರದಿಂದ ತೀರಿಕೊಂಡಿತು. ಮುಂದಿನ ಸಂತೆಗೆ ಹೆಂಗಸರು ನಮ್ಮ ಬೇಲಿ ಬಿಟ್ಟು ದಾರಿಯ ಆಚೆ ಬದಿಯಲ್ಲಿ ಸೆರಗು ಮುಚ್ಚಿಕೊಂಡು ನಡೆದರು. ಹಾಲು ತರಲು ಆ ಹುಡುಗಿಯ ಬದಲು ಅವಳ ಮೈದುನ ಬಂದ.

ಹಗ್ಗ ಬಿಚ್ಚಿ ಅವಳ ಮನೆಗೆ ಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಿನ್ ಬೇಲಿ ಅಗ್ಗದ ಸಾವಾಸ ಬ್ಯಾಡ ಕಣವ್ವ ನಮ್ಗೆ. ಓಗು."

ತಪ್ಪಾಯಿತು ತಾಯಿ, ಮರೆತೆ ಎಂದು ಕೈಮುಗಿದಿದ್ದರೆ ಆ ಮುದುಕಿ ಕರಗುತ್ತಿದ್ದಳೋ ಏನೋ. ನಾನು ಹಾಗೆ ಹೇಳಲಿಲ್ಲ. "ಬಟ್ಟೆಯಿಂದ ಯಾರೂ ಸಾಯೋದಿಲ್ಲ. ನಿಮ್ಮಂಥವರ ಮೊಂಡುತನದಿಂದ ಸಾಯ್ತಾರೆ" ಎಂದು ಬೀದಿಗೆ ಕೇಳುವ ಹಾಗೆ ಹೇಳಿದೆ. ಬಾಗಿಲ ಹಿಂದೆ ಸೊಸೆಯ ಬಳೆಯ ಸದ್ದಾಯಿತು. ಅತ್ತೆ ಕದ ಹಾಕಿಕೊಂಡಳು. ಆಡಿದ ಆ ಮಾತನ್ನು ಇಷ್ಟು ವರ್ಷವಾದರೂ ನುಂಗಿಕೊಳ್ಳಲು ನನಗೆ ಆಗಿಲ್ಲ.

ಒಂದು ಮಧ್ಯಾಹ್ನ ಮೈದುನ ಓಡಿಬಂದ. ನಾನು ಹೋಗುವಷ್ಟರಲ್ಲಿ ಮಗು ಹುಟ್ಟಿ ಅಳುತ್ತಿತ್ತು. ಅವಳ ರಕ್ತ ನಿಲ್ಲುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಆ ಹಿಡಿತ ಸಡಿಲವಾಯಿತು.

ಎರಡು ತಿಂಗಳ ಮೇಲೆ, ಸಂತೆಯ ದಿನ, ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಮಡಿಲಿನಿಂದ ಹಸಿರು ಸೀರೆಯ ತುಂಡೊಂದನ್ನು ತೆಗೆದಳು.

"ಅವ್ಳೇ ಸೀರೆ ಅರ್ದು ಮಡಗಿದ್ಲು ಕಣವ್ವ, ನಿನ್ ಬೇಲಿಗೆ ಅಂತವ. ಕಟ್ಟು. ನೋಡ್ದೋರಾದ್ರೂ ಬರ್ಲಿ."

ಆ ಮಗು ನಮ್ಮಲ್ಲಿ ಹುಟ್ಟಿದ್ದಲ್ಲ, ತಾಯಿ ಉಳಿದಿಲ್ಲ. ನನ್ನ ನಿಯಮ ಹೇಳುವ ಬಾಯಿ ನನಗಿರಲಿಲ್ಲ. ಹಗ್ಗ ತಂದು, ಅವಳು ತೋರಿಸುತ್ತಿದ್ದ ಮೂಲೆಯಲ್ಲೇ ಕಟ್ಟಿದೆ. ಮುದುಕಿ ಸಂಜೆಯ ತನಕ ಜಗಲಿಯಲ್ಲೇ ಕೂತಿದ್ದು, ದೀಪ ಹಚ್ಚುವ ಮೊದಲೇ ಎದ್ದು ಹೋಗಿ ತಾನೇ ತುಂಡು ಬಿಚ್ಚಿ ಮಡಿಸಿ ನನ್ನ ಕೈಗಿಟ್ಟಳು.

ಹೆಂಗಸರು ನಿಧಾನಕ್ಕೆ ಮತ್ತೆ ಬೇಲಿಯ ಹತ್ತಿರ ನಿಲ್ಲತೊಡಗಿದರು, ಮಂಚಗಳು ತುಂಬಿದವು. ಈ ಹಸಿರು ಯಾರದು ಎಂದು ದೂರದೂರಿನವರು ಕೇಳುತ್ತಿದ್ದರು. ಹಾಲಿನವಳದು ಎನ್ನುತ್ತಿದ್ದೆ. ಅವಳು ಹೆಂಗವ್ಳೆ ಎಂದು ಕೇಳಿದರೆ, ಮಗು ಚೆನ್ನಾಗಿದೆ ಎನ್ನುತ್ತಿದ್ದೆ.