ಪೊಲೀಸ್ ಕಾರು ನೋಡುವ ಶಾಸ್ತ್ರ

ಐವತ್ತು ದಾಟಿದ ಹೆಂಗಸಿಗೆ ಪೊಲೀಸ್ ಕಾರಿನ ಹುಚ್ಚು ಹಿಡಿದರೆ ಮನೆಯವರು ಏನು ಮಾಡಬೇಕು? ನಮ್ಮ ಮನೆಯವರು ಬಾಯಿ ಮುಚ್ಚಿಕೊಂಡಿದ್ದರು, ಅದೇ ಕ್ಷೇಮ ಎಂದು ಅವರಿಗೆ ಗೊತ್ತು. ನಾವಿರುವ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹಳೇ ಕಾರುಗಳ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲೊಬ್ಬ ಅಜ್ಜ ತನ್ನ ಕಾರಿಗೆ ಇಲ್ಲಿನ ಹಿಂದಿನ ಕಾಲದ ಪೊಲೀಸ್ ಬಣ್ಣ ಬಳಿಸಿ, ಮೇಲೊಂದು ದೀಪ ಕೂರಿಸಿ, ಪಕ್ಕದಲ್ಲಿ ಮದುಮಗನ ಹಾಗೆ ಬೀಗುತ್ತ ನಿಂತಿದ್ದ. ನೋಡಿದ್ದೇ ತಡ, ನನ್ನ ತಲೆ ಕೆಟ್ಟಿತು. ನಾನೂ ಒಂದು ಮಾಡಿಸಬೇಕು, ಆದರೆ ನನ್ನದು ಮೈಸೂರಿನ ಪೊಲೀಸ್ ಕಾರು, ಬಾಗಿಲ ಮೇಲೆ ದಪ್ಪ ಕನ್ನಡ ಅಕ್ಷರ!

ಕಾರಣ ಹೇಳಿಬಿಡುತ್ತೇನೆ. ಅಪ್ಪ ಮೈಸೂರಿನಲ್ಲಿ ಮೂವತ್ತು ವರ್ಷ ಪೊಲೀಸ್ ಡ್ರೈವರ್ ಆಗಿದ್ದವರು. ನಾನು ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದು ಓದಿ ಓದಿ, ಓಡಿ ಓಡಿ, ಕೊನೆಗೆ ಎತ್ತರದಲ್ಲಿ ಎರಡು ಸೆಂಟಿಮೀಟರ್ ಸಾಲದೆ ಮನೆಗೆ ಬಂದವಳು. ಆ ದಿನದ ಬಗ್ಗೆ ಅಪ್ಪ ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ, ಸಮಾಧಾನಕ್ಕೂ ಆಡಿರಲಿಲ್ಲ. ನನಗೆ ಅದರ ಉರಿ ಹೋಗಿರಲಿಲ್ಲ. ಈಗ ಇಲ್ಲಿ ಮೋರ್ಲಿ ಬಡಾವಣೆಯ ಮಾಲಿನಲ್ಲಿ ಚಪ್ಪಲಿ ಅಂಗಡಿ ನೋಡಿಕೊಳ್ಳುತ್ತೇನೆ. ಹೈ ಹೀಲ್ಸ್ ಮಾರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅಪ್ಪ ಮೈಸೂರಿನಿಂದ ನಮ್ಮ ಮನೆಗೆ ಬಂದು ಎರಡೂವರೆ ತಿಂಗಳಾಗಿತ್ತು, ಹೊರಡಲು ಎರಡು ವಾರ ಉಳಿದಿತ್ತು. ಅಷ್ಟರೊಳಗೆ ಕಾರು ಆರಿಸಬೇಕು, ಅವರು ಒಪ್ಪದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದೆ. ಬ್ರಿಸ್ಬೇನಿನ ಗೆಳತಿ ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯಿಂದ ಒಂದು ಕಾರಿನ ಫೋಟೋ ಕಳಿಸಿದಳು. ಅಡಿಲೇಡಿನಿಂದ ಇನ್ನೂ ನಾಲ್ಕು ಬಂದವು. ಅಪ್ಪ ಫೋನು ವಾಪಸ್ ಕೊಟ್ಟರು.

"ಫೋಟೋದಲ್ಲಿ ಕೂತು ನೋಡಕ್ಕಾಗತ್ತಾ? ಹತ್ರದಲ್ಲಿ ಯಾವುದಿದೆ, ಅದು ತೋರ್ಸು."

ಮೊದಲನೆಯದು ಕ್ಯಾನಿಂಗ್ಟನ್‌ನಲ್ಲಿ. ಕೆನೆ ಬಣ್ಣ, ಉದ್ದನೆಯ ಮೂತಿ, ಎಂಜಿನ್ ಸದ್ದೇ ಇಲ್ಲ. ನಾನು ಆಗಲೇ ಕರಗಿ ನೀರಾಗಿದ್ದೆ. ಅಪ್ಪ ಬಾನೆಟ್ ಎತ್ತಲಿಲ್ಲ, ಟೈರ್ ಮುಟ್ಟಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ತಮ್ಮ ಹಳೇ ಟೋಪಿ ತೆಗೆದರು. ಒಂದು ಕಡೆ ಅಂಚು ಮಡಚಿದ, ನಮ್ಮ ಪೇದೆಗಳ ಅದೇ ಅಗಲ ಟೋಪಿ. ಅದನ್ನು ನನ್ನ ತಲೆಗಿಟ್ಟು, "ಎಡಗಡೆ ಹತ್ತು" ಎಂದರು. ಇಲ್ಲೂ ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಅದು ಸಾಹೇಬರ ಸೀಟು. ಹತ್ತಿದೆ. ಅವರು ಹತ್ತು ಹೆಜ್ಜೆ ದೂರ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಬೇಡ. ಸೀಟು ಸರಿ ಇಲ್ಲ."

ಮಾರುವವನು ನಮ್ಮ ಜೊತೆ ಬಂದಿದ್ದ ನನ್ನ ಮಗಳ ಮುಖ ನೋಡಿದ. ಅವಳು "ಸೋ ಎಂಬರಾಸಿಂಗ್, ಅಮ್ಮ" ಎಂದು ನಮ್ಮ ಕಾರಿನೊಳಗೆ ಹೋಗಿ ಕೂತಳು.

ಎರಡನೆಯದಕ್ಕೂ ಇದೇ ಶಾಸ್ತ್ರ, ಮೂರನೆಯದಕ್ಕೂ ಇದೇ. ಆಮೇಲೆ ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಎಂಜಿನ್ ನೋಡಲ್ಲ, ಬ್ರೇಕ್ ನೋಡಲ್ಲ. ಕಾರು ನೋಡಕ್ಕೆ ಬಂದಿದೀವೋ, ನನಗೆ ಇನ್ನೊಂದು ಗಂಡು ನೋಡಕ್ಕೆ ಬಂದಿದೀವೋ?"

"ಎಂಜಿನ್ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ ಕಣಮ್ಮ" ಎಂದರು ಅಪ್ಪ, ಟೋಪಿಯ ಧೂಳು ಕೊಡವುತ್ತ.

ನಾಲ್ಕನೆಯದು ಊರಾಚೆಯ ಒಂದು ತೋಟದ ಶೆಡ್ಡಿನಲ್ಲಿತ್ತು. ಗುಂಡು ಮೂತಿ, ಗುಂಡು ಬೆನ್ನು, ಒಂದು ಕಾಲದ ನಮ್ಮ ಸರ್ಕಾರಿ ಕಾರುಗಳ ಸೋದರತ್ತೆಯ ಹಾಗೆ. ಮೈಯೆಲ್ಲ ತುಕ್ಕು. ಎಂಜಿನ್ ತೆಗೆದು ಪಕ್ಕದ ಮರದ ಪೆಟ್ಟಿಗೆಯಲ್ಲಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು, ನಾವು ಬಂದದ್ದಕ್ಕೆ ಕ್ಯಾರೇ ಅನ್ನಲಿಲ್ಲ. ಇದು ಖಂಡಿತ ಆಗುವುದಿಲ್ಲ ಎಂದುಕೊಂಡೇ ಟೋಪಿ ಹಾಕಿಕೊಂಡು ಹತ್ತಿದೆ. ಸೀಟು ಹಳೇ ಕಾಲದ ಸೋಫಾದ ಹಾಗೆ ಎತ್ತರಕ್ಕಿತ್ತು. ಅಪ್ಪ ದೂರದಲ್ಲಿ ನಿಂತವರು ನಿಂತೇ ಇದ್ದರು. ಆಮೇಲೆ ಮೆಲ್ಲಗೆ ಕಿಟಕಿಯ ಹತ್ತಿರ ಬಂದರು.

"ಇದು ಸರಿ."

"ಏನು ಸರಿ ಅಪ್ಪ? ಕಾಲ ಕೆಳಗೆ ತೂತಿದೆ, ಹುಲ್ಲು ಕಾಣ್ತಿದೆ."

"ಮಿಕ್ಕಿದ್ರಲ್ಲಿ ಹೊರಗಿಂದ ಬರೀ ಟೋಪಿ ಕಾಣ್ತಿತ್ತು. ಇದ್ರಲ್ಲಿ ನೀನು ಎದೆಮಟ್ಟ ಕಾಣ್ತೀಯ."

ಅಪ್ಪ ಕಿಟಕಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಅವತ್ತು ಅಳತೆ ತೆಗೆಯೋ ಸಾಹೇಬ್ರನ್ನ ಗ್ರೌಂಡಿಗೆ ಕರ್ಕೊಂಡು ಹೋಗಿದ್ದು ನಾನೇ. ನನ್ನ ಮಗಳೂ ಬರ್ತಾಳೆ, ಸ್ವಲ್ಪ ನೋಡಿ ಸಾರ್ ಅಂತ ಹೇಳ್ಬೇಕು ಅಂದ್ಕೊಂಡೇ ಹೋದೆ. ದಾರಿ ಮುಗೀತು, ಹೇಳ್ಲಿಲ್ಲ."

ಇಷ್ಟು ವರ್ಷ ಇವರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಎಂದು ಸಂಕಟವಾಯಿತು.

"ಹೇಳಿದ್ದಿದ್ರೆ ನಾನು ನಿಮ್ಮನ್ನ ಮಾತಾಡಿಸ್ತಿರ್ಲಿಲ್ಲ ಅಪ್ಪ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಅವರು ಸುತ್ತಿ ಬಂದು ಬಲಗಡೆಯ ಬಾಗಿಲು ತೆಗೆದು ಕೂತರು. ಕನ್ನಡಿ ಸರಿಮಾಡಿದರು, ಬೆನ್ನು ನೆಟ್ಟಗೆ ಮಾಡಿ ಸ್ಟೀರಿಂಗ್ ಹಿಡಿದರು, ಎದುರಿನ ತಗಡಿನ ಗೋಡೆಯನ್ನೇ ನೋಡುತ್ತ ಕೇಳಿದರು:

"ಎಲ್ಲಿಗೆ ಹೋಗ್ಬೇಕು, ಮೇಡಂ?"

ಟೋಪಿ ಸರಿಮಾಡಿಕೊಂಡೆ. ಕೈಯೆತ್ತಿ ಮುಂದಕ್ಕೆ ತೋರಿಸಿದೆ.