ಬೇಲಿಯಾಚೆಯ ಕುರ್ಚಿ

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ನಾನು ಬರೆದ ಮೊದಲ ಮಾಕ್ ಟೆಸ್ಟಿನಲ್ಲೇ ಒಂದು ಮಾವಿನ ಮರ ಬಂದಿತ್ತು. ಮರ ಒಬ್ಬನ ಜಾಗದಲ್ಲಿ, ಕೊಂಬೆ ಪಕ್ಕದವನ ಜಾಗದ ಮೇಲೆ, ಹಣ್ಣು ಬಿದ್ದದ್ದು ಪಕ್ಕದವನ ಅಂಗಳಕ್ಕೆ. ಹಣ್ಣು ಯಾರದ್ದು? ಪ್ರಶ್ನೆಯ ಮೇಲೆ ನಿಯಮವನ್ನೂ ಅವರೇ ಕೊಟ್ಟಿದ್ದರು: ಮರ ಯಾರದ್ದೋ ಹಣ್ಣು ಅವರದ್ದು, ಎಲ್ಲೇ ಬೀಳಲಿ. ನಾನು ಅದನ್ನು ಎರಡು ಸಲ ಓದಿ, ಅರ್ಥ ಮಾಡಿಕೊಂಡು, ಪಕ್ಕದವನದ್ದು ಅಂತ ಗುರುತು ಹಾಕಿದೆ. ಬಾಳೂರಿನಲ್ಲಿ ನಮ್ಮ ಸುತ್ತಮುತ್ತ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಬೇಲಿಯಾಚೆ ಬಿದ್ದದ್ದು ಆಚೆಯವರಿಗೆ. ಅದನ್ನು ಎತ್ತಿಕೊಂಡು ಬರಲು ಹೋದರೆ ಮಾನ ಹೋದ ಹಾಗೆ.

ಇನ್ನೊಂದರಲ್ಲಿ ಒಬ್ಬ ಅಪ್ಪಣೆ ಕೇಳದೆ ಬೇರೆಯವರ ತೋಟದೊಳಗೆ ನಡೆದು ಹೋಗಿದ್ದ. ತಪ್ಪಿಲ್ಲ ಅಂದೆ. ಅಲ್ಲ, ತೋಟ ಹಾಯದೆ ರಸ್ತೆ ಸುತ್ತಿಕೊಂಡು ಹೋದರೆ ಬಸ್ಸು ಸಿಕ್ಕ ಹಾಗೆಯೇ! ಎರಡೂ ತಪ್ಪು. ಒಂದೊಂದು ತಪ್ಪಿಗೂ ಕಾಲು ಅಂಕ ಕಟ್. ಆನ್‌ಲೈನ್ ಕ್ಲಾಸಿನ ಸರ್ ಸಿಟ್ಟಾಗಲಿಲ್ಲ, ಅವರಿಗೆ ನನ್ನಂಥವರು ನೂರಾರು ಜನ. "ನಿಮಗೆ ಗೊತ್ತಿರೋದನ್ನೆಲ್ಲ ಮರೀರಿ. ಪೇಪರ್ ಮೇಲೆ ಇರೋದಷ್ಟೇ ನಿಜ" ಅಂದರು. ನಾನು ಅದನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡೆ.

ಆ ಕ್ಲಾಸು ನನಗೆ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ. ನಮ್ಮದು ಮೂರು ಎಕರೆ ಕಾಫಿ, ರಸ್ತೆ ಬದಿಯಲ್ಲಿ ಅಪ್ಪನ ಅಂಗಡಿ. ಹಗ್ಗ, ಟಾರ್ಪಾಲು, ಗೊಬ್ಬರ, ಕಾಫಿ ಕೊಯ್ಯುವ ಚೀಲ, ಎಲ್ಲ ಸಿಗುತ್ತಿದ್ದವು, ನೆಟ್‌ವರ್ಕ್ ಒಂದು ಬಿಟ್ಟು. ಮನೆಯಲ್ಲೂ ಅದೇ ಕತೆ. ತೋಟದ ಮೇಲಿನ ಮೂಲೆಯಲ್ಲಿ ನಮ್ಮದೊಂದು ಹಲಸಿನ ಮರ ಇತ್ತು, ಅದರ ದೊಡ್ಡ ಕೊಂಬೆ ಬೇಲಿ ದಾಟಿ ಪಕ್ಕದ ಎಸ್ಟೇಟಿನ ಮೇಲೆ ಚಾಚಿತ್ತು. ಬೇಲಿಯಾಚೆ ಆ ಕೊಂಬೆಯ ಕೆಳಗೆ ನಿಂತರೆ ಎದುರು ಗುಡ್ಡದ ಟವರಿಗೆ ನೇರ. ಆ ಎಸ್ಟೇಟಿನ ಯಜಮಾನ್ತಿಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು, ನೆಂಟಸ್ತಿಕೆ ಏನಿಲ್ಲ. ಸ್ವೆಟರ್ ಹಾಕಿಕೊಂಡು ತಾವೇ ಜೀಪು ಓಡಿಸುತ್ತಿದ್ದ, ಮೇಸ್ತ್ರಿಗಳನ್ನೂ ಗಡಗಡ ನಡುಗಿಸುತ್ತಿದ್ದ ಹೆಂಗಸು. ಪಿಯುಸಿ ಎರಡನೇ ವರ್ಷದಲ್ಲಿ ನಾನು ಅಲ್ಲಿ ನಿಂತುಕೊಂಡೇ ಕ್ಲಾಸು ಕೇಳುವುದನ್ನು ನೋಡಿ, ಏನೂ ಹೇಳದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಸಿದರು. ಮಳೆ ಹಿಡಿದಾಗ ಅದರ ಮೇಲೆ ಟಾರ್ಪಾಲು ಕಟ್ಟಿಸಿದರು.

ಆ ವರ್ಷ ನನಗೆ ಸೀಟು ಸಿಗಲಿಲ್ಲ. ಅಪ್ಪ ಬಯ್ಯಲಿಲ್ಲ. ಇನ್ನೊಂದು ವರ್ಷ ನೋಡು, ಆಮೇಲೆ ನನ್ನ ಜೊತೆ ಅಂಗಡಿಯಲ್ಲಿ ಕೂತ್ಕೊ ಅಂದರು. ಅಂಗಡಿ ಅಂದರೆ ನನಗೆ ಅಸಹ್ಯವೇನಲ್ಲ. ಆದರೆ ಚಿಕ್ಕವಳಿದ್ದಾಗ ಜಮೀನಿನ ಕಾಗದಕ್ಕೆಂದು ಅಪ್ಪ ಒಂದು ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಕೈ ಕಟ್ಟಿಕೊಂಡು ನಿಂತದ್ದನ್ನು ನೋಡಿದ್ದೆ. ಕಪ್ಪು ಕೋಟಿನವರು ಮಾತ್ರ ಬಂದವರೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನು ಹಾಗೆ ಕೂರಬೇಕು ಅಂತ ಅವತ್ತೇ ತಲೆಯೊಳಗೆ ಹೊಕ್ಕಿತ್ತು, ಅಷ್ಟೇ.

ಆ ಇನ್ನೊಂದು ವರ್ಷದಲ್ಲಿ ನಾನು ಓದಿದ್ದಕ್ಕಿಂತ ಮರೆತದ್ದು ಹೆಚ್ಚು. ದಿನಕ್ಕೆ ಐವತ್ತು ಪ್ರಶ್ನೆ. ನಿಯಮ, ಸಂಗತಿ, ಉತ್ತರ. ಸತ್ತವನಿರಲಿ, ಮನೆ ಕಳೆದುಕೊಂಡವಳಿರಲಿ, ನಿಯಮ ಏನು ಹೇಳುತ್ತದೆ ನೋಡು, ಗುರುತು ಹಾಕು, ಮುಂದಕ್ಕೆ ಹೋಗು. ಮೊದಮೊದಲು ಅಯ್ಯೋ ಪಾಪ ಅನಿಸುತ್ತಿತ್ತು. ಏಪ್ರಿಲ್ ಹೊತ್ತಿಗೆ ಏನೂ ಅನಿಸುತ್ತಿರಲಿಲ್ಲ. ಊಟದ ರುಚಿಯೂ ಅಷ್ಟಕ್ಕಷ್ಟೆ. ಅಮ್ಮ ಏನಾದರೂ ಕೇಳಿದರೆ ಉತ್ತರ ಹೇಳುತ್ತಿದ್ದೆ, ಮಾತಾಡುತ್ತಿರಲಿಲ್ಲ. ಮಾರ್ಕು ಏರುತ್ತಿತ್ತು, ಹಾಗಾಗಿ ಇದೇ ಸರಿ ಅಂದುಕೊಂಡೆ.

ಮೇ ತಿಂಗಳ ಒಂದು ಸಂಜೆ ದೊಡ್ಡಮ್ಮ ಬುಟ್ಟಿಯಲ್ಲಿ ಹಲಸಿನ ಹಣ್ಣು ಹೊರಿಸಿಕೊಂಡು ಮನೆಗೆ ಬಂದರು. ನಮ್ಮ ಮರದ್ದೇ, ಅವರ ಕಡೆ ಬಿದ್ದದ್ದು. ಪ್ರತಿ ವರ್ಷವೂ ಹಾಗೆ ಬಿದ್ದದ್ದರಲ್ಲಿ ಅರ್ಧ ಕುಯ್ದು, ಮೇಣ ಒರೆಸಿ, ನಮಗೆ ತಂದುಕೊಡುತ್ತಿದ್ದರು. ತರಬೇಕು ಅಂತ ಏನೂ ಇರಲಿಲ್ಲ. ನಾನು ಜಗಲಿಯಲ್ಲಿ ಆ ದಿನದ ಐವತ್ತನ್ನು ಮುಗಿಸುತ್ತಾ ಕೂತಿದ್ದೆ. ಅವರು ಬುಟ್ಟಿ ಇಳಿಸಿ, ಅರ್ಧ ನಿಮ್ಗೆ ಅಂತ ತಂದೆ ಕಣೇ, ತೊಳೆ ಜೇನಿನ ಹಾಗಿದೆ ಅಂದರು. ನಾನು ತಲೆ ಎತ್ತದೆ ಹೇಳಿದೆ:

"ಮರ ನಮ್ದಲ್ವಾ ದೊಡ್ಡಮ್ಮ. ಕಾನೂನು ಪ್ರಕಾರ ಪೂರ್ತಿ ಹಣ್ಣು ನಮ್ಗೇ ಸೇರ್ಬೇಕು."

ಕುಹಕಕ್ಕೆ ಹೇಳಿದ್ದಲ್ಲ. ತಮಾಷೆಯೂ ಅಲ್ಲ. ನಾಲ್ಕರಲ್ಲಿ ಒಂದನ್ನು ಗುರುತು ಹಾಕಿದ ಹಾಗೆ ಬಾಯಿಂದ ಬಂತು. ಅಪ್ಪ ನಕ್ಕುಬಿಟ್ಟರು, ನೋಡಿ ಈಗ್ಲೇ ವಕೀಲರು ಅಂತ, ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ದೊಡ್ಡಮ್ಮ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ತಮ್ಮ ಮನೆಯಲ್ಲಿದ್ದ ಇನ್ನರ್ಧವನ್ನೂ ಆಳಿನ ಕೈಲಿ ಕಳಿಸುತ್ತೇನೆ ಅಂದರು. ಕತ್ತಲಾಗುವುದರೊಳಗೆ ಅದೂ ಬಂತು. ಅಮ್ಮ ನನ್ನ ಮುಖ ನೋಡಿದಳು, ನಾನು ಮುಂದಿನ ಪ್ರಶ್ನೆಗೆ ಹೋದೆ.

ಮರುದಿನದಿಂದ ನಾನು ಆ ಕುರ್ಚಿಯ ಕಡೆ ಹೋಗಲಿಲ್ಲ. ಯಾರೂ ಬರಬೇಡ ಅನ್ನಲಿಲ್ಲ. ಕುರ್ಚಿ ಅವರದ್ದು, ಜಾಗ ಅವರದ್ದು, ಹಾಗಾಗಿ ಎತ್ತಿ ಒಳಗಿಟ್ಟಿರುತ್ತಾರೆ ಅಂತ ನಾನೇ ತೀರ್ಮಾನ ಮಾಡಿದೆ. ನಮ್ಮ ಮನೆಯಿಂದ ಮರದ ತುದಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ಹೋಗಿ ನೋಡಲಿಲ್ಲ. ಬೇಜಾರಾಗಿತ್ತಾ ಅಂತ ಕೇಳಿದರೆ, ಇಲ್ಲ. ಏನೂ ಆಗಿರಲಿಲ್ಲ, ಅದೇ ಸಂಗತಿ.

ಕ್ಲಾಸಿಗೆ ಬಸ್‌ಸ್ಟ್ಯಾಂಡೇ ಗತಿಯಾಯಿತು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರ್ ಅರ್ಧ ವಾಕ್ಯ ಹೇಳಿ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದರು. ಟೆಸ್ಟಿನ ಮಧ್ಯೆ ಕಾರು ನಿಲ್ಲಿಸಿ, ಹೊರನಾಡಿಗೆ ಇನ್ನೆಷ್ಟು ದೂರ ಅಂತ ಕೇಳುವವರು ಬೇರೆ. ಒಂದು ದಿನ ರೇಗಿ, ಇಲ್ಲಿಂದ ದಾರಿಯೇ ಇಲ್ಲ ಅಂದುಬಿಟ್ಟೆ. ಏರುತ್ತಿದ್ದ ಮಾರ್ಕು ಆಗಸ್ಟಿನಲ್ಲಿ ನಿಂತಿತು, ಆಮೇಲೆ ಇಳಿಯಿತು.

ನಡುವೆ ಜೂನ್‌ನಲ್ಲಿ ದೊಡ್ಡಮ್ಮ ಅಂಗಡಿಗೆ ಬಂದಿದ್ದರು. ಅಪ್ಪ ಇರಲಿಲ್ಲ. ನೀಲಿ ಟಾರ್ಪಾಲಿನಲ್ಲಿ ಒಂದು ಸಣ್ಣ ತುಂಡು ಕೇಳಿದರು. ಕೈ ಅಗಲಿಸಿ ಇಷ್ಟು ಸಾಕು ಅಂತ ತೋರಿಸಿದರು. ನಾನು ಅಳೆದು ಕತ್ತರಿಸಿ, ಮಡಚಿ ಕೊಟ್ಟೆ. ಇಷ್ಟು ಸಣ್ಣದರಲ್ಲಿ ಏನು ಮುಚ್ಚುತ್ತಾರೋ ಅಂತ ಒಂದು ಕ್ಷಣ ಅನಿಸಿತ್ತು. ಓದು ಹೇಗೆ ನಡೀತಿದೆ ಅಂತ ಕೇಳಿದರು, ನಡೀತಿದೆ ಅಂದೆ. ಅವರು ಟಾರ್ಪಾಲನ್ನು ಕಂಕುಳಲ್ಲಿ ಇರುಕಿಕೊಂಡು ಜೀಪು ಹತ್ತಿದರು.

ಡಿಸೆಂಬರಿನಲ್ಲಿ, ಎಲ್ಲರೂ ಕಾಫಿ ಕುಯ್ಲಿನಲ್ಲಿ ಮೈಮರೆತಿದ್ದಾಗ, ಅಪ್ಪ ಅಂಗಡಿ ಮುಚ್ಚಿ ನನ್ನನ್ನು ಚಾರ್ಮಾಡಿ ಇಳಿಸಿ ಪರೀಕ್ಷೆಗೆ ಕರೆದುಕೊಂಡು ಹೋದರು. ಘಾಟಿಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿದೆ. ಪೇಪರಿನಲ್ಲಿ ಒಂದು ಪ್ಯಾಸೇಜ್ ರೂಢಿಯ ಬಗ್ಗೆ ಇತ್ತು. ಎರಡು ಮನೆಯವರು ತಲೆತಲಾಂತರದಿಂದ ತಕರಾರಿಲ್ಲದೆ ನಡೆಸಿಕೊಂಡು ಬಂದದ್ದಕ್ಕೆ ಕಾನೂನಿನ ಬಲ ಇದೆ ಅಂತ ನಿಯಮ. ನಾನು ಅದನ್ನು ಓದಿ, ಸರಿಯಾದ ಉತ್ತರಕ್ಕೆ ಗುರುತು ಹಾಕಿ, ಪೆನ್ನು ಕೆಳಗಿಟ್ಟು ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೊನೆಯ ಭಾಗ ಮುಟ್ಟುವಷ್ಟರಲ್ಲಿ ಬೆಲ್ ಆಯಿತು.

ಸೀಟು ಸಿಗಲಿಲ್ಲ. ಸ್ವಲ್ಪದರಲ್ಲಿ ಹೋಯಿತು, ಆ ಸ್ವಲ್ಪ ಎಷ್ಟು ಅಂತ ಹೇಳಲು ಈಗಲೂ ಮನಸ್ಸಿಲ್ಲ. ಅಪ್ಪ ಅಂಗಡಿಯ ಬೀಗದ ಇನ್ನೊಂದು ಕೈಯನ್ನು ಮೇಜಿನ ಮೇಲೆ ಇಟ್ಟರು. ಮಾರನೇ ದಿನ ನಾನು ಬಾಗಿಲು ತೆಗೆದೆ.

ವಾರದೊಳಗೆ ದೊಡ್ಡಮ್ಮ ಚೀಲ ಹೊಲಿಯುವ ದಾರಕ್ಕೆ ಬಂದರು. ಏನಾಯ್ತು ಅಂತ ಕೇಳಿದರು. ಸಿಗ್ಲಿಲ್ಲ ಅಂದೆ. ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು:

"ಆಮೇಲೆ ನೀನ್ಯಾಕೆ ಬರ್ಲೇ ಇಲ್ಲ ಮಾರಾಯ್ತಿ? ನಾನು ಕುರ್ಚಿ ಎತ್ತಿರ್ಲಿಲ್ಲ."

ನಾನು ದಾರದ ಚಿಲ್ಲರೆ ಎಣಿಸಿ ಕೊಟ್ಟೆ. ಅವರು ಹೋದ ಮೇಲೆ ಬಾಗಿಲು ಹಾಕಿ, ತೋಟ ಹತ್ತಿ, ಮೇಲಿನ ಮೂಲೆಗೆ ಹೋದೆ. ಕುರ್ಚಿ ಇದ್ದಲ್ಲೇ ಇತ್ತು. ಮೇಲೆ ನಾಲ್ಕು ಗೂಟಕ್ಕೆ ಬಿಗಿಯಾಗಿ ಕಟ್ಟಿದ ಸಣ್ಣ ನೀಲಿ ಟಾರ್ಪಾಲು, ಒಂದು ಅಂಚು ಸೊಟ್ಟ. ನಾನು ಕತ್ತರಿಸಿದ್ದು ಯಾವತ್ತೂ ಸೊಟ್ಟವೇ. ಆ ಸಂಜೆಯ ನಂತರ ಬೇಲಿಯಾಚೆ ಬಿದ್ದ ಹಣ್ಣನ್ನು ಅವರು ಮುಟ್ಟಿರಲಿಲ್ಲ. ಬಿದ್ದಲ್ಲೇ ಕೊಳೆತು, ಬೀಜ ಮೊಳೆತು, ಕುರ್ಚಿಯ ಕಾಲುಗಳ ಸುತ್ತ ಹಲಸಿನ ಸಸಿ ಮೊಣಕಾಲೆತ್ತರ ಬೆಳೆದಿದ್ದವು.

ಅವನ್ನು ತುಳಿಯದ ಹಾಗೆ ಕಾಲಿಟ್ಟು ಕೂತೆ. ಅಭ್ಯಾಸಬಲದಿಂದ ಮೊಬೈಲ್ ತೆಗೆದೆ. ಸಿಗ್ನಲ್ ಪೂರ್ತಿ ಇತ್ತು. ಕೇಳಲು ಯಾವ ಕ್ಲಾಸೂ ಇರಲಿಲ್ಲ.